ಸುಬಾಬುಲ್ ಸೊಪ್ಪು ಕೆಲವು ಹಸುಗಳಿಗೆ ಯಾಕೆ ಆಗಿಬರುವುದಿಲ್ಲ?

ಸುಬಾಬುಲ್ ತಿಂದ ನಿಮ್ಮ ಹಸುವಿನ ಬಾಲದ ಕೂದಲು ಉದುರುತ್ತಿದೆ, ಪಕ್ಕದೂರಿನ ದನಗಳಿಗೆ ಅದೇ ಸೊಪ್ಪಿನಿಂದ ಏನೂ ಆಗಿಲ್ಲ, ಯಾಕೆ ಅಂತ ಕೇಳಿದ್ದೀರಿ. ಹೊಟ್ಟೆಯೊಳಗಿನ ಬ್ಯಾಕ್ಟೀರಿಯಾಗಳ ವ್ಯತ್ಯಾಸ ಇರಬಹುದು. ಆ ಸೊಪ್ಪಿನಲ್ಲಿ ಮಿಮೋಸಿನ್ ಎಂಬ ವಿಷವಿದೆ. ಅದು ಹೊಟ್ಟೆಯಲ್ಲಿ ಒಡೆದಾಗ ಹುಟ್ಟುವ ಡಿಎಚ್‌ಪಿ ಎಂಬ ರಾಸಾಯನಿಕ ಥೈರಾಯ್ಡ್ ಕೆಡಿಸುತ್ತದೆ.

ಆಸ್ಟ್ರೇಲಿಯಾದ ದನಗಳು ಹೀಗೇ ನರಳುತ್ತಿದ್ದಾಗ ಹವಾಯಿಯ ಮೇಕೆಗಳು ಅದನ್ನೇ ಮೇಯ್ದು ಆರಾಮಾಗಿದ್ದವು. 1980ರ ದಶಕದಲ್ಲಿ ರೇಮಂಡ್ ಜೋನ್ಸ್ ಎಂಬ ವಿಜ್ಞಾನಿ ಆ ಮೇಕೆಗಳ ಹೊಟ್ಟೆಯ ಸೂಕ್ಷ್ಮಜೀವಿಗಳನ್ನು ಆಸ್ಟ್ರೇಲಿಯಾದ ಜಾನುವಾರುಗಳಿಗೆ ಸೇರಿಸಿದರು, ಅವು ಚೇತರಿಸಿಕೊಂಡವು. 1992ರಲ್ಲಿ ಅವುಗಳ ಪೈಕಿ ಡಿಎಚ್‌ಪಿಯನ್ನು ಒಡೆದುಹಾಕುವ ಬ್ಯಾಕ್ಟೀರಿಯಾಕ್ಕೆ ಅವರದೇ ಹೆಸರು ಸೇರಿಸಿ ಸಿನರ್ಜಿಸ್ಟಿಸ್ ಜೋನ್ಸೀ ಎಂದು ಕರೆದರು. ಎಷ್ಟು ಚೆಂದದ ಗೌರವ! ಜೊತೆಯಲ್ಲಿ ಮೇಯುವ ದನಗಳಲ್ಲಿ ಈ ಬ್ಯಾಕ್ಟೀರಿಯಾ ಒಂದರಿಂದ ಇನ್ನೊಂದಕ್ಕೆ ಹರಡುತ್ತದೆ.

ಸದ್ಯಕ್ಕೆ ಸೊಪ್ಪು ನಿಲ್ಲಿಸಿ, ಪಶುವೈದ್ಯರಿಗೆ ತೋರಿಸಿ. ಆಮೇಲೆ ಕೊಡುವುದಾದರೆ ಹುಲ್ಲಿನ ಜೊತೆ ಬೆರೆಸಿ ಸ್ವಲ್ಪಸ್ವಲ್ಪವೇ ಶುರುಮಾಡಿ, ಒಟ್ಟು ಮೇವಿನ ಮೂರರಲ್ಲೊಂದು ಪಾಲು ಮೀರದಿರಲಿ.