ಎಲ್ಲ ಊರಿಗೂ ಒಪ್ಪಿಗೆ ಎಂದಾಗ: ಒಂದು ಆಪ್ತಸಲಹೆ ಪ್ರಕರಣ

ದಾವಣಗೆರೆಯ ಒಂದು ಕುಟುಂಬದ ಅನುಮತಿ ಪಡೆದು, ಗುರುತು ಸಿಗದಂತೆ ಉದ್ಯೋಗ, ವಯಸ್ಸು, ಬಡಾವಣೆಯ ವಿವರಗಳನ್ನು ಬದಲಿಸಿ ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ಮನೆಯಿಂದಲೇ ಕೆಲಸ ಮಾಡುವ ಅವಕಾಶ ಬಂದ ಮೇಲೆ, ಬೆಟ್ಟ ಮತ್ತು ಕಾಡು ಹತ್ತಿರವಿರುವ ಕಡೆ ಹೋಗಿ ನೆಲೆಸಬೇಕೆಂಬ ಆಸೆ ಹೊತ್ತು ಸಲಹೆಗೆ ಬರುವವರು ಹೆಚ್ಚಾಗಿದ್ದಾರೆ. ಅವರಲ್ಲಿ ಬಹುಮಂದಿಗೆ ಊರುಗಳ ಬಗ್ಗೆ ಮಾಹಿತಿಯ ಕೊರತೆಯಿಲ್ಲ. ತೊಂದರೆ ಇರುವುದು ಮನೆಯೊಳಗೆ ಆಡದೆ ಉಳಿದ ಮಾತುಗಳಲ್ಲಿ ಎಂಬುದು ನನ್ನ ಅಭಿಪ್ರಾಯ, ಮತ್ತು ಈ ಪ್ರಕರಣದಲ್ಲಿ ಅದು ಬಹಳ ಸ್ಪಷ್ಟವಾಗಿ ಕಂಡಿತು.

ಸಲಹೆಗೆ ಬಂದವರು ಮೂವತ್ತಾರು ವರ್ಷದ ಮಹಿಳೆ. ಬೆಂಗಳೂರಿನ ಒಂದು ಸಂಸ್ಥೆಯ ಲೆಕ್ಕಪತ್ರಗಳ ಕೆಲಸವನ್ನು ಮನೆಯಿಂದಲೇ ಮಾಡುತ್ತಾರೆ. ಕಾಲೇಜಿನಲ್ಲಿ ಎನ್‌ಸಿಸಿಯಲ್ಲಿದ್ದವರು, ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಯಲ್ಲಿ ಮೂಲ ಪರ್ವತಾರೋಹಣ ತರಬೇತಿ ಪೂರೈಸಿದವರು. ಪತಿ ಬ್ಯಾಂಕ್ ಅಧಿಕಾರಿ. ಮನೆಯಲ್ಲಿ ನಾಲ್ಕನೇ ತರಗತಿ ಓದುವ ಮಗಳಿದ್ದಾಳೆ, ಎಪ್ಪತ್ತು ದಾಟಿದ ಅತ್ತೆ ಇದ್ದಾರೆ. ಪತಿಗೆ ವರ್ಗಾವಣೆಯ ಸಮಯ ಹತ್ತಿರವಾಗಿತ್ತು, ಆದ್ಯತೆಯ ಮೇಲೆ ಮೂರು ಸ್ಥಳಗಳನ್ನು ಬರೆದುಕೊಡಬೇಕಾಗಿತ್ತು. ಎಲ್ಲಿಗೆ ಹೋಗುವುದೆಂದು ಎರಡು ವರ್ಷಗಳಿಂದ ಹುಡುಕುತ್ತಿದ್ದರೂ ಒಂದು ಹೆಸರನ್ನೂ ಬರೆಯಲಾಗುತ್ತಿಲ್ಲ, ರಾತ್ರಿ ನಿದ್ದೆ ಕೆಡುತ್ತಿದೆ, ಕಾರಣವಿಲ್ಲದೆ ಮಗಳ ಮೇಲೆ ರೇಗುತ್ತಿದ್ದೇನೆ ಎಂಬುದು ಆಕೆಯ ದೂರು.

ಮೊದಲ ಭೇಟಿಗೆ ಆಕೆ ಒಂದು ದೊಡ್ಡ ಹಾಳೆಯನ್ನು ತಂದಿದ್ದರು. ಕಂಪ್ಯೂಟರಿನಲ್ಲಿ ಮಾಡಿದ ಪಟ್ಟಿಯನ್ನು ಮುದ್ರಿಸಿ ನಾಲ್ಕು ಮಡಿಕೆ ಮಾಡಿದ್ದರಿಂದ ಮಡಿಕೆಯ ಗೆರೆಗಳಲ್ಲಿ ಅಕ್ಷರಗಳು ಸವೆದಿದ್ದವು. ಎಡಗಡೆ ಊರುಗಳು: ದಾಂಡೇಲಿ, ಚಿಕ್ಕಮಗಳೂರು, ಸಕಲೇಶಪುರ, ತೀರ್ಥಹಳ್ಳಿ, ಹೊಸಪೇಟೆ, ಕೊನೆಯಲ್ಲಿ ಋಷಿಕೇಶ. ಮೇಲ್ಗಡೆ ಎತ್ತರ, ಮಳೆ, ರೈಲು, ಶಾಲೆ, ಆಸ್ಪತ್ರೆ, ಬಾಡಿಗೆ, ಇಂಟರ್ನೆಟ್ ಎಂಬ ಅಂಕಣಗಳು. ಪ್ರತಿ ಊರಿಗೂ ಅಂಕ ಕೊಟ್ಟು ಕೂಡಿಸಿದ್ದರು. ಯಾವುದಾದರೂ ಒಂದು ಊರು ಮುಂದೆ ಬಂದ ಕೂಡಲೇ ಪೆನ್ಸಿಲಿನಲ್ಲಿ ಹೊಸ ಅಂಕಣವೊಂದನ್ನು ಸೇರಿಸಿ, ಆ ಊರು ಹಿಂದೆ ಬೀಳುವಂತೆ ಮಾಡಿದ್ದು ಹಾಳೆಯ ಅಂಚಿನಲ್ಲಿಯೇ ಕಾಣುತ್ತಿತ್ತು. ನನ್ನ ಗಮನ ಸೆಳೆದದ್ದು ಮಾತ್ರ ಬೇರೆ ಅಂಕಣ. ‘ಮನೆಯವರಿಗೆ’ ಎಂಬ ಶೀರ್ಷಿಕೆಯ ಕೆಳಗೆ ಎಲ್ಲ ಊರುಗಳ ಎದುರಿಗೂ ‘ಸರಿ’ ಎಂದೇ ಬರೆದಿತ್ತು. ಕೇಳಿದಾಗ ಆಕೆ, “ಇವರು ಯಾವುದಕ್ಕೂ ಬೇಡ ಅನ್ನೋದಿಲ್ಲ ಮೇಡಂ. ‘ನೀನು ಎಲ್ಲಿ ಅಂತೀಯೋ ಅಲ್ಲಿ’ ಅಂತಾರೆ. ಅತ್ತೆಯವರೂ ಅಷ್ಟೇ” ಎಂದರು.

ಹೊರನೋಟಕ್ಕೆ ಇದು ಪುಣ್ಯವಂತರ ಮನೆ. ಆದರೆ ಎಲ್ಲಕ್ಕೂ ಒಪ್ಪುವವರ ನಡುವೆ ಆಯ್ಕೆ ಮಾಡಬೇಕಾದವಳ ಸ್ಥಿತಿ ಕಷ್ಟದ್ದು. ಹೋದ ಊರಿನಲ್ಲಿ ಅತ್ತೆಗೆ ಕಾಯಿಲೆಯಾದರೆ, ಮಗಳ ಶಾಲೆ ಸರಿಹೋಗದಿದ್ದರೆ, ಪತಿಗೆ ದಿನನಿತ್ಯದ ಓಡಾಟ ಹೆಚ್ಚಾದರೆ, ಅದೆಲ್ಲದರ ಹೊಣೆ ತನ್ನೊಬ್ಬಳದೇ ಆಗುತ್ತದೆಂಬ ಅರಿವು ಆಕೆಯೊಳಗೆ ಕೆಲಸ ಮಾಡುತ್ತಿತ್ತು. ನಿರ್ಧಾರ ಮುಂದೂಡುವುದೊಂದೇ ಆ ಹೊಣೆಯಿಂದ ತಪ್ಪಿಸಿಕೊಳ್ಳಲು ಉಳಿದಿದ್ದ ದಾರಿ. ಹಾಗಾಗಿ ಊರುಗಳ ಗುಣದೋಷಗಳನ್ನು ಮತ್ತೆ ಚರ್ಚಿಸದೆ, ಮನೆಯ ಮೂವರು ಹಿರಿಯರೂ ತಮ್ಮಿಂದ ಏನನ್ನು ಸಹಿಸಲು ಆಗುವುದಿಲ್ಲ ಎಂಬುದನ್ನು ಮಾತ್ರ ಪ್ರತ್ಯೇಕವಾಗಿ, ಒಬ್ಬರಿಗೊಬ್ಬರು ತೋರಿಸದೆ ಹೇಳಬೇಕೆಂದು ಕೇಳಿಕೊಂಡೆ. ‘ಏನು ಬೇಕು’ ಎಂದು ಕೇಳಿದರೆ ಒಳ್ಳೆಯ ಮನಸ್ಸಿನವರು ಇತರರಿಗೆ ಬೇಕಾದದ್ದನ್ನೇ ಹೇಳಿಬಿಡುತ್ತಾರೆ. ‘ಏನು ಆಗದು’ ಎಂಬ ಪ್ರಶ್ನೆಗೆ ಹಾಗೆ ಜಾರಿಕೊಳ್ಳುವುದು ಕಷ್ಟ.

ಪತಿ ತಮ್ಮ ಚೀಟಿಯಲ್ಲಿ ಬರೆದದ್ದು ಒಂದೇ ಪದ: ನೀರು. ಚಿಕ್ಕಂದಿನಲ್ಲಿ ಅಜ್ಜಿಯ ಊರಿನಲ್ಲಿ ಭದ್ರಾ ನಾಲೆಗೆ ಜಾರಿ ಬಿದ್ದು, ಸೋದರಮಾವ ಕೂದಲು ಹಿಡಿದೆಳೆದು ಬದುಕಿಸಿದ ಘಟನೆಯನ್ನು ಅವರು ಹೆಂಡತಿಗೆ ಎಂದೂ ಹೇಳಿರಲಿಲ್ಲ. ದಾಂಡೇಲಿಯ ಹೆಸರು ಬಂದಾಗಲೆಲ್ಲ ಕಾಳಿ ನದಿಯಲ್ಲಿ ಮಗಳನ್ನು ರ‍್ಯಾಫ್ಟಿಂಗ್‌ಗೆ ಕೂರಿಸುವ ಚಿತ್ರ ಕಣ್ಣ ಮುಂದೆ ಬಂದು ಎದೆ ಹೊಡೆದುಕೊಳ್ಳುತ್ತಿತ್ತಂತೆ. “ಹೇಳಿದ್ರೆ ಅವಳ ಆಸೆಗೆ ಕಲ್ಲು ಹಾಕಿದಂಗಾಗುತ್ತೆ ಅಂತ ಸುಮ್ಮನಿದ್ದೆ ಮೇಡಂ” ಎಂದರು. ಎರಡು ವರ್ಷ ಪಟ್ಟಿಯ ಮೇಲ್ತುದಿಯಲ್ಲಿದ್ದ ಊರು ಅದು.

ಅತ್ತೆಯವರಿಗೆ ಬರೆಯುವ ರೂಢಿ ಇಲ್ಲದ್ದರಿಂದ ಅವರನ್ನು ಒಬ್ಬರನ್ನೇ ಕೂರಿಸಿ ಮಾತನಾಡಿಸಿದೆ. ಸೊಸೆಗೆ ಬಿಸಿಲಿನ ಊರುಗಳನ್ನು ಪಟ್ಟಿಯಿಂದ ತೆಗೆಯಬೇಕೆಂಬ ಯೋಚನೆ ಇದ್ದುದೇ ಇವರ ಸಲುವಾಗಿ. ಹಿರಿಯ ಜೀವ ಹೇಳಿದ್ದು ಇದು: “ಬಿಸ್ಲು ಹುಟ್ಟಿದಾಗಿಂದ ಕಂಡೀನಿ ಕಣಮ್ಮ, ಅದಕ್ಕೇನು ಹೆದ್ರಲ್ಲ. ಆ ಜಡಿಮಳೆ, ಥಂಡಿ ಮಾತ್ರ ನಂಗಾಗಲ್ಲ. ಮಣಕಾಲು ಹಿಡ್ಕಂಡ್ರೆ ಬಚ್ಚಲಿಗೂ ಹೋಗಕಾಗಲ್ಲ. ನನ್ನ ಯಾರೂ ಕೇಳಿರ್ಲಿಲ್ಲ ಬಿಡು.”

ಆಕೆಯ ಸ್ವಂತ ಚೀಟಿಯೂ ನಾನು ನಿರೀಕ್ಷಿಸಿದಂತೆ ಇರಲಿಲ್ಲ. ಒಂದು ಭಾನುವಾರಕ್ಕಾಗಿ ಆರು ದಿನ ಕಾಯುವುದು ತನಗಾಗದು ಎಂದು ಬರೆದಿದ್ದರು. ವರ್ಷಕ್ಕೊಮ್ಮೆಯ ದೊಡ್ಡ ಪ್ರವಾಸಕ್ಕಿಂತ, ಬೆಳಗಿನ ಎರಡು ಗಂಟೆ ಬಂಡೆಯ ಮೇಲೋ ಬೆಟ್ಟದ ಹಾದಿಯಲ್ಲೋ ಕಳೆದು ಬಂದು ಕೆಲಸಕ್ಕೆ ಕೂರುವಂತಿರಬೇಕು ಎಂಬುದು ಆಕೆಗೆ ಬೇಕಾದ ಜೀವನ. ಇಷ್ಟು ತಿಳಿದ ಮೇಲೆ ಋಷಿಕೇಶವನ್ನು ಪಟ್ಟಿಯಿಂದ ತೆಗೆಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಹಿಮಾಲಯದ ಚಾರಣ ರಜೆ ಹಾಕಿ ಹೋಗಿಬರುವ ಸಂಗತಿ, ಅದಕ್ಕಾಗಿ ಮನೆ ಬದಲಿಸಬೇಕಾಗಿಲ್ಲ ಎಂದು ಆಕೆಯೇ ಹೇಳಿದರು.

ಉಳಿದ ಊರುಗಳನ್ನು ಅಲ್ಲಿನ ಅತ್ಯಂತ ಕಷ್ಟದ ತಿಂಗಳಿನಲ್ಲಿ ಕಲ್ಪಿಸಿಕೊಳ್ಳಿ ಎಂದು ಸೂಚಿಸಿದೆ. ಪ್ರವಾಸಿಗರು ಊರನ್ನು ನೋಡುವುದು ಅದು ಚೆಂದವಿರುವ ಕಾಲದಲ್ಲಿ, ನೆಲೆಸಿದವರಿಗೆ ಹನ್ನೆರಡು ತಿಂಗಳೂ ಬರುತ್ತವೆ. ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಟೆಂಟ್ ಹಾಕುವ ಮಾತು ಹಾಗಿರಲಿ, ಬಟ್ಟೆ ಒಣಗಿಸುವುದೇ ಒಂದು ಕೆಲಸ. ಇಂಬಳಗಳ ಕಾಟ ಬೇರೆ. ಮಳೆ ನಿಂತು ಹಾದಿ ತೆರೆಯುವ ಹೊತ್ತಿಗೆ ಇನ್ನೊಂದು ಎಚ್ಚರಿಕೆ ಬೇಕಾಗುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ ಹರಡುವುದು ಕಾಡಿನ ಉಣುಗುಗಳ ಮೂಲಕ, ಅದರ ಕಾಲ ಚಳಿಗಾಲದಿಂದ ಮೇ ತಿಂಗಳವರೆಗೆ, ಅಂದರೆ ಚಾರಣದ ಕಾಲವೂ ಅದೇ. ಶಿವಮೊಗ್ಗ, ಚಿಕ್ಕಮಗಳೂರು, ಉತ್ತರ ಕನ್ನಡ ಜಿಲ್ಲೆಗಳ ಕಾಡಂಚಿನ ಜನ ಉಣುಗು ಹತ್ತದಂತೆ ತಡೆಯುವ ಡೇಪಾ ತೈಲ ಹಚ್ಚಿಕೊಂಡು, ಮೈತುಂಬ ಬಟ್ಟೆ ಹಾಕಿಕೊಂಡು, ಮಂಗ ಸತ್ತ ಸುದ್ದಿ ಬಂದ ಕಡೆಗೆ ಹೋಗದೆ ಬಾಳುವೆ ಮಾಡುತ್ತಾರೆ. ಆ ಶಿಸ್ತು ಕಲಿಯಲು ಸಿದ್ಧರಿರುವವರು ಅಲ್ಲಿ ಸುಖವಾಗಿಯೇ ಇರಬಲ್ಲರು. ಆದರೆ ತರಗೆಲೆಯ ಮೇಲೆ ಮಲಗಿ ನಕ್ಷತ್ರ ನೋಡುವ ಕನಸು ಹೊತ್ತು ಹೋಗುವವರು ಇದನ್ನು ಮೊದಲೇ ತಿಳಿದಿರಬೇಕು.

ಅನುಮತಿಯ ವಿಷಯವನ್ನೂ ಬಿಡಿಸಿ ಹೇಳಬೇಕಾಯಿತು. ಕಾಡಿನ ಪಕ್ಕದಲ್ಲಿ ಮನೆ ಮಾಡಿದರೆ ಕಾಡು ನಮ್ಮದಾಗುತ್ತದೆ ಎಂಬ ಭಾವನೆ ಅನೇಕರಲ್ಲಿದೆ. 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಜನದಟ್ಟಣೆಯಾದ ನಂತರ ಅರಣ್ಯ ಇಲಾಖೆಯ ಚಾರಣ ಪಥಗಳಿಗೆ ಆನ್‌ಲೈನ್‌ನಲ್ಲಿ ಮುಂಗಡ ಕಾಯ್ದಿರಿಸುವ ಪದ್ಧತಿ ಬಿಗಿಯಾಯಿತು. ಮೀಸಲು ಅರಣ್ಯದೊಳಗೆ ಮನಬಂದ ಕಡೆ ಟೆಂಟ್ ಹಾಕಿ ರಾತ್ರಿ ಕಳೆಯುವಂತಿಲ್ಲ. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿ ಚಿಕ್ಕಮಗಳೂರಿನ ಮನೆಯ ಕಿಟಕಿಯಿಂದ ಕಂಡರೂ, ವಾರಾಂತ್ಯದಲ್ಲಿ ಅದರ ರಸ್ತೆ ಬೆಂಗಳೂರಿನಿಂದ ಬಂದ ವಾಹನಗಳಿಂದ ತುಂಬಿರುತ್ತದೆ. ವಾರದ ದಿನಗಳಲ್ಲಿ ಬಿಡುವಿರುವವರಿಗೆ ಮಾತ್ರ ಚಿಕ್ಕಮಗಳೂರು ನಿಜವಾಗಿ ಒದಗುವ ಊರು. ಆಕೆಗೆ ಆ ಬಿಡುವಿತ್ತು, ಅತ್ತೆಯ ಮೊಣಕಾಲಿಗೆ ಅಲ್ಲಿನ ಹವೆ ಒಗ್ಗುತ್ತಿರಲಿಲ್ಲ.

ಹೀಗೆ ಒಂದೊಂದೇ ‘ಆಗದು’ ಹೊರಬಂದಂತೆ ಪಟ್ಟಿ ತಾನಾಗಿ ಚಿಕ್ಕದಾಯಿತು. ಹೊಸಪೇಟೆ ಉಳಿಯಿತು. ದಾವಣಗೆರೆಯಿಂದ ಹರಪನಹಳ್ಳಿ, ಹಗರಿಬೊಮ್ಮನಹಳ್ಳಿಯ ಮೇಲೆ ಸುಮಾರು ಮೂರು ತಾಸಿನ ಹಾದಿ, ಒಣ ಹವೆ, ಹಂಪಿ ಮತ್ತು ಆನೆಗೊಂದಿಯ ಬಂಡೆಗಳು, ಮಳೆಗಾಲದಲ್ಲಿ ಹಸಿರಾಗುವ ಸಂಡೂರಿನ ಬೆಟ್ಟಗಳು. ನವೆಂಬರ್‌ನಿಂದ ಫೆಬ್ರವರಿವರೆಗೆ ದೇಶವಿದೇಶಗಳಿಂದ ಬಂಡೆ ಹತ್ತುವವರು ಅಲ್ಲಿಗೆ ಬರುತ್ತಾರೆ, ಆದ್ದರಿಂದ ಜೊತೆಗಾರರು ಸಿಗುತ್ತಾರೆ. ಒಂಟಿಯಾಗಿ ಬಂಡೆ ಹತ್ತಬಾರದೆಂಬುದನ್ನು ತರಬೇತಿ ಪಡೆದ ಆಕೆಗೆ ನಾನು ಹೇಳಬೇಕಾಗಿರಲಿಲ್ಲ. ಏಪ್ರಿಲ್-ಮೇ ತಿಂಗಳಲ್ಲಿ ಅಲ್ಲಿ ತಾಪಮಾನ 40 ಡಿಗ್ರಿಯ ಆಸುಪಾಸು ಮುಟ್ಟುತ್ತದೆ, ಹತ್ತು ಗಂಟೆಯ ಮೇಲೆ ಬಂಡೆ ಮುಟ್ಟಲಾಗದು, ಸಂಜೆಯ ಗುಡುಗು ಸಿಡಿಲಿನ ಮಳೆಯಲ್ಲಿ ಬಯಲು ಬಂಡೆಯ ನೆತ್ತಿಯ ಮೇಲಿರುವುದು ಪ್ರಾಣಾಪಾಯ. ದರೋಜಿಯ ಕರಡಿಧಾಮ ಹತ್ತಿರದಲ್ಲೇ ಇರುವುದರಿಂದ ಸುತ್ತಲಿನ ಗುಡ್ಡಗಳಲ್ಲಿ ಕರಡಿ ಮತ್ತು ಚಿರತೆಗಳ ಓಡಾಟವಿದೆ. ಕತ್ತಲಿಗೆ ಮೊದಲು ಕೆಳಗಿಳಿಯುವ ರೂಢಿ ಮನೆಯ ನಿಯಮವಾಗಬೇಕು ಎಂದು ತಿಳಿಸಿದೆ.

ಚಿತ್ರದುರ್ಗವನ್ನು ಆಕೆ ಪಟ್ಟಿಯಲ್ಲಿ ಸೇರಿಸಿಯೇ ಇರಲಿಲ್ಲ. ಹೆದ್ದಾರಿಯಲ್ಲಿ ಒಂದು ಗಂಟೆಯ ದೂರ, ಅಲ್ಲಿಗೆ ಹೋದರೆ ಹೋದಂತೆಯೇ ಆಗುವುದಿಲ್ಲ ಎಂಬುದು ಕಾರಣ. ಈ ಮಾತನ್ನು ನಾನು ತಳ್ಳಿಹಾಕಲಿಲ್ಲ. ದೂರ ಹೋಗಬೇಕೆಂಬ ಬಯಕೆಯೂ ನಿಜವಾದ ಬಯಕೆಯೇ. ಆದರೂ ಬೆಳಗಿನ ಎರಡು ಗಂಟೆಯ ಲೆಕ್ಕ ಇಟ್ಟುಕೊಂಡು ನೋಡಿದರೆ ಚಂದ್ರವಳ್ಳಿಯ ಕೆರೆಯ ಸುತ್ತಿನ ಗುಡ್ಡಗಳು, ಜೋಗಿಮಟ್ಟಿಯ ಏರುಹಾದಿ, ಏಳು ಸುತ್ತಿನ ಕೋಟೆ ಎಲ್ಲವೂ ಊರಿಗೆ ಅಂಟಿಕೊಂಡೇ ಇವೆ. ಕೋಟೆ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ, ಜೋಗಿಮಟ್ಟಿ ಅರಣ್ಯ ಇಲಾಖೆಯದು, ಎರಡು ಕಡೆಯೂ ಅವರ ವೇಳೆ ಮತ್ತು ನಿಯಮಗಳನ್ನು ಪಾಲಿಸಬೇಕು. ಎರಡನೆಯ ಆದ್ಯತೆಯಾಗಿ ಚಿತ್ರದುರ್ಗ ಬರೆಯಲು ಆಕೆ ಒಪ್ಪಿದರು, ಸಂತೋಷದಿಂದ ಒಪ್ಪಿದರೆಂದು ಹೇಳಲಾರೆ.

ಬಂಡೆಗಳ ನಾಡಿಗೆ ಮಗುವನ್ನು ಕರೆದುಕೊಂಡು ಹೋಗುವವರಿಗೆ ಹೇಳುವ ಒಂದು ಮಾತನ್ನು ಇವರಿಗೂ ಹೇಳಿದೆ. ಒಣ ಕಲ್ಲುಗುಡ್ಡಗಳು ಗರಗಸ ಮಂಡಲದ ಹಾವಿಗೆ ಮತ್ತು ಚೇಳಿಗೆ ಇಷ್ಟವಾದ ಜಾಗ. ಬಾಡಿಗೆ ಮನೆ ನೋಡುವ ಮೊದಲು ಹಾವಿನ ವಿಷಕ್ಕೆ ಪ್ರತಿವಿಷವನ್ನು ಸದಾ ದಾಸ್ತಾನು ಇಡುವ ಆಸ್ಪತ್ರೆ ಯಾವುದು, ರಾತ್ರಿ ವೈದ್ಯರಿರುತ್ತಾರೆಯೇ, ಅಲ್ಲಿಗೆ ತಲುಪಲು ಎಷ್ಟು ಹೊತ್ತು ಎಂದು ಹೋಗಿ ಕೇಳಿಕೊಂಡು ಬನ್ನಿ. ಕಚ್ಚಿದ ಕಡೆ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು ಬೇಡ. ಅಲುಗಾಡದಂತೆ ಇರಿಸಿ ಆಸ್ಪತ್ರೆಗೆ ಒಯ್ಯಬೇಕು ಎಂಬುದನ್ನು ಅಜ್ಜಿಯೂ ಮಗಳೂ ತಿಳಿದಿರಬೇಕು. ಜಮೀನು ಕೊಳ್ಳುವ ಯೋಚನೆಯನ್ನು, ಹೋಂಸ್ಟೇ ನಡೆಸುವ ಯೋಚನೆಯನ್ನು ಒಂದು ಬೇಸಿಗೆ ಮತ್ತು ಒಂದು ಮಳೆಗಾಲ ಕಳೆಯುವವರೆಗೆ ಎತ್ತಕೂಡದೆಂದೂ, ಹನ್ನೊಂದು ತಿಂಗಳ ಬಾಡಿಗೆ ಕರಾರು ಸಾಕೆಂದೂ ಸಲಹೆ ಕೊಟ್ಟೆ.

ಇನ್ನೊಂದು ಸಂಗತಿ ಮಾತಿನ ನಡುವೆ ಹೊರಬಂತು. ಊರು ಹುಡುಕುತ್ತಿದ್ದ ಎರಡು ವರ್ಷಗಳಲ್ಲಿ ಆಕೆ ಒಂದು ರಾತ್ರಿಯನ್ನೂ ಟೆಂಟಿನಲ್ಲಿ ಕಳೆದಿರಲಿಲ್ಲ. ಹೇಗೂ ಹೋಗುತ್ತೇವಲ್ಲ, ಆಮೇಲೆ ನೋಡೋಣ ಎಂದು ಎಲ್ಲವನ್ನೂ ಮುಂದಕ್ಕೆ ಹಾಕಿದ್ದರು. ಆಸೆ ಹುಡುಕಾಟದಲ್ಲೇ ಖರ್ಚಾಗುವುದನ್ನು ನಾನು ಇತರರಲ್ಲಿಯೂ ಕಂಡಿದ್ದೇನೆ, ಮತ್ತು ನಿದ್ದೆಗೇಡಿಗೂ ಸಿಡುಕಿಗೂ ಅದೇ ಮುಖ್ಯ ಕಾರಣವೆಂದು ನನಗನ್ನಿಸಿತು. ವರ್ಗಾವಣೆಯ ಆದೇಶ ಬರುವವರೆಗೆ ಕಾಯಬೇಡಿ, ಪರಿಚಯದವರ ತೋಟದಲ್ಲಿ ಒಪ್ಪಿಗೆ ಪಡೆದು ಮಗಳೊಡನೆ ಒಂದು ರಾತ್ರಿ ಟೆಂಟ್ ಹಾಕಿ, ಕೊಂಡಜ್ಜಿಯ ಕೆರೆಯ ಕಡೆ ಬೆಳಿಗ್ಗೆ ನಡೆಯಿರಿ ಎಂದೆ. ಮುಂದಿನ ಭೇಟಿಗೆ ಬಂದಾಗ ತೋಳಿನ ಮೇಲೆ ಸೊಳ್ಳೆ ಕಚ್ಚಿದ ಗುರುತುಗಳಿದ್ದವು. ಆ ವಾರ ನಿದ್ದೆ ಚೆನ್ನಾಗಿ ಬಂತೆಂದು ಕೇಳುವ ಮೊದಲೇ ಹೇಳಿದರು.

ಪತಿಯ ನೀರಿನ ಭಯಕ್ಕೆ ಬೇರೆಯಾಗಿ ಸಲಹೆ ನಡೆಯುತ್ತಿದೆ. ಮಗಳು ಈಜು ಕಲಿಯುವುದನ್ನು ದಡದಲ್ಲಿ ಕುಳಿತು ನೋಡುವಷ್ಟರ ಮಟ್ಟಿಗೆ ಅವರು ಮುಂದೆ ಬಂದಿದ್ದಾರೆ. ಭಯವಿದೆಯೆಂದು ಬಾಯಿಬಿಟ್ಟು ಹೇಳಿದ ಮೇಲೆ ಮನೆಯಲ್ಲಿ ಅದನ್ನು ಯಾರೂ ಹಗುರವಾಗಿ ಕಾಣಲಿಲ್ಲ ಎಂಬುದು ಅವರಿಗೆ ದೊಡ್ಡ ಸಮಾಧಾನ.

ವರ್ಗಾವಣೆ ಆದೇಶ ಚಿತ್ರದುರ್ಗಕ್ಕೆ ಬಂತು. ಹೊಸಪೇಟೆ ಸಿಗಲಿಲ್ಲವೆಂದು ಆಕೆ ಬಹಳ ನೊಂದುಕೊಂಡರು. ಆ ನೋವನ್ನು ‘ಇದೂ ಒಳ್ಳೆಯದೇ’ ಎಂಬ ಮಾತಿನಿಂದ ಮುಚ್ಚದಂತೆ ಮನೆಯವರಿಗೆ ತಿಳಿಸಿದೆ. ಈಗ ಬೆಳಿಗ್ಗೆ ಜೋಗಿಮಟ್ಟಿಯ ಕಡೆ ನಡೆಯುತ್ತಾರೆ, ಚಳಿಗಾಲದ ರಜೆಗಳಲ್ಲಿ ಆನೆಗೊಂದಿಗೆ ಹೋಗಿಬರುತ್ತಾರೆ. ಮುಂದಿನ ವರ್ಗಾವಣೆಗೆ ಮತ್ತೆ ಹೊಸಪೇಟೆ ಕೇಳುವ ಇರಾದೆ ಇದೆ. ಆ ಹೊತ್ತಿಗೆ ಮಗಳು ಪ್ರೌಢಶಾಲೆಯ ಹೊಸ್ತಿಲಲ್ಲಿ ಇರುವುದರಿಂದ, ತನ್ನಿಂದ ಏನು ಆಗದು ಎಂಬುದನ್ನು ಅವಳೂ ಒಂದು ಚೀಟಿಯಲ್ಲಿ ಬರೆಯಬೇಕು, ಅದನ್ನು ಓದಿದ ನಂತರವೇ ಊರುಗಳ ಹೆಸರು ಎತ್ತಬೇಕು ಎಂದು ನಾಲ್ವರ ಎದುರಿಗೂ ಹೇಳಿ ಕಡತದಲ್ಲಿ ಬರೆದಿಟ್ಟಿದ್ದೇನೆ.