ಟಾಸ್ಕ್ ಮ್ಯಾನೇಜರ್‌ನಲ್ಲಿ ಡಿಸ್ಕ್ ಯಾವಾಗಲೂ 100% ತೋರಿಸುತ್ತದೆ. ಲ್ಯಾಪ್‌ಟಾಪ್ ಫಾರ್ಮ್ಯಾಟ್ ಮಾಡಿಸಿದರೆ ಸರಿಹೋಗುತ್ತದೆಯೇ?

ನೀವು ಕೊಟ್ಟಿರುವ ವಿವರ ಇಷ್ಟು: ಏಳನೇ ತಲೆಮಾರಿನ ಐ3 ಪ್ರೊಸೆಸರ್, 4 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ಆನ್ ಮಾಡಿದ ಮೇಲೆ ಕೈಗೆ ಸಿಗಲು ಏಳೆಂಟು ನಿಮಿಷ ಬೇಕು, ಬ್ರೌಸರ್ ತೆರೆದರೆ ಹ್ಯಾಂಗ್ ಆಗುತ್ತದೆ. ಅಂಗಡಿಯವರು ಫಾರ್ಮ್ಯಾಟ್ ಮಾಡಿ ಕೊಡುತ್ತೇವೆ ಎಂದಿದ್ದಾರೆ. ಒಳಗೆ ನಿಮ್ಮ ತಂದೆಯವರು ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟ ಫೈಲುಗಳಿವೆ.

ಈಗಲೇ ಫಾರ್ಮ್ಯಾಟ್ ಮಾಡಿಸಬೇಡಿ. ಮೊದಲು ಡಿಸ್ಕಿನ ಆರೋಗ್ಯ ನೋಡಿ, ಆಮೇಲೆ ಫೈಲುಗಳನ್ನು ಹೊರಗೆ ತೆಗೆದಿಡಿ, ವೇಗದ ವಿಚಾರಕ್ಕೆ ಆಮೇಲೆ ಬನ್ನಿ. ಸಾಯುತ್ತಿರುವ ಡಿಸ್ಕೂ ಬರೀ ನಿಧಾನವಾದ ಡಿಸ್ಕೂ ಹೊರಗಿನಿಂದ ಒಂದೇ ರೀತಿ ಕಾಣುತ್ತವೆ. ಎರಡನ್ನೂ ಬೇರೆ ಮಾಡಿ ನೋಡುವ ತನಕ ಯಾವ ರಿಪೇರಿಗೂ ಕೈ ಹಾಕುವುದು ಸರಿಯಲ್ಲ.

ಆ 100% ಅಂದರೆ ಡಿಸ್ಕ್ ತುಂಬಿದೆ ಎಂದಲ್ಲ, ಪೂರ್ತಿ ವೇಗದಲ್ಲಿ ಓಡುತ್ತಿದೆ ಎಂದೂ ಅಲ್ಲ. ಕಳೆದ ಒಂದು ಸೆಕೆಂಡಿನಲ್ಲಿ ಡಿಸ್ಕ್ ಒಂದು ಕ್ಷಣವೂ ಬಿಡುವಾಗಿರಲಿಲ್ಲ ಎಂದಷ್ಟೇ ಅದರ ಅರ್ಥ. ಲ್ಯಾಪ್‌ಟಾಪ್ ಹಾರ್ಡ್ ಡಿಸ್ಕುಗಳಲ್ಲಿ ಹೆಚ್ಚಿನವು ನಿಮಿಷಕ್ಕೆ 5400 ಸುತ್ತು ತಿರುಗುತ್ತವೆ, ಅಂದರೆ ಸೆಕೆಂಡಿಗೆ 90. ಬೇಕಾದ ಜಾಗ ಓದುವ ಹೆಡ್ಡಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಸುಮಾರು 5.5 ಮಿಲಿಸೆಕೆಂಡು. ಅದಕ್ಕೂ ಮೊದಲು ಹೆಡ್ ಹೊತ್ತ ತೋಳು ಸರಿಯಾದ ಪಟ್ಟಿಗೆ ಸರಿಯಬೇಕು, ಅದಕ್ಕೆ ಇನ್ನೊಂದು ಹತ್ತು-ಹನ್ನೆರಡು ಮಿಲಿಸೆಕೆಂಡು. ಹೀಗೆ ಲೆಕ್ಕ ಹಾಕಿದರೆ ಡಿಸ್ಕಿನ ಅಲ್ಲಲ್ಲಿ ಚದುರಿದ ಸಣ್ಣ ತುಣುಕುಗಳನ್ನು ಓದುವಾಗ ಸೆಕೆಂಡಿಗೆ ಅರವತ್ತರ ಆಸುಪಾಸು ತುಣುಕು ಸಿಕ್ಕರೆ ಹೆಚ್ಚು. ಒಂದೊಂದು ತುಣುಕು 4 ಕೆಬಿ ಎಂದಿಟ್ಟುಕೊಳ್ಳಿ, ಒಟ್ಟು 240 ಕೆಬಿ. ಸಿನಿಮಾ ಫೈಲ್ ಕಾಪಿ ಮಾಡುವಾಗ ಸೆಕೆಂಡಿಗೆ 100 ಎಂಬಿ ಓಡುವ ಅದೇ ಡಿಸ್ಕ್ ವಿಂಡೋಸ್ ಶುರುವಾಗುವಾಗ 1 ಎಂಬಿಗೂ ಏದುಸಿರು ಬಿಡುವುದು ಇದಕ್ಕೇ. ವಿಂಡೋಸ್ ಶುರುವಾಗುವುದೆಂದರೆ ಸಾವಿರಾರು ಸಣ್ಣ ಫೈಲುಗಳನ್ನು ಓದುವ ಕೆಲಸ.

ಈಗ ಪರೀಕ್ಷೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಪರ್ಫಾರ್ಮೆನ್ಸ್ ಟ್ಯಾಬಿನಲ್ಲಿ ಡಿಸ್ಕ್ 0 ಆರಿಸಿ. ಕೆಳಗೆ ಆ್ಯಕ್ಟಿವ್ ಟೈಮ್, ಆವರೇಜ್ ರೆಸ್ಪಾನ್ಸ್ ಟೈಮ್, ರೀಡ್ ಸ್ಪೀಡ್, ರೈಟ್ ಸ್ಪೀಡ್ ಎಂಬ ಅಂಕಿಗಳಿರುತ್ತವೆ. ಆ್ಯಕ್ಟಿವ್ ಟೈಮ್ 100% ಇದ್ದು, ಓದುವ ಬರೆಯುವ ವೇಗ ಒಂದೆರಡು ಎಂಬಿ, ರೆಸ್ಪಾನ್ಸ್ ಟೈಮ್ ನೂರರಿಂದ ಐನೂರು ಮಿಲಿಸೆಕೆಂಡು ಇದ್ದರೆ ಅದು ಬಹುತೇಕ ಕೆಲಸದ ಹೊರೆ. ಆ್ಯಕ್ಟಿವ್ ಟೈಮ್ 100% ಇದ್ದು ವೇಗ ಎರಡೂ ಸೊನ್ನೆ, ರೆಸ್ಪಾನ್ಸ್ ಟೈಮ್ ಸಾವಿರಗಳಲ್ಲಿ ಇದ್ದರೆ ಎಚ್ಚರವಾಗಿ. ಡಿಸ್ಕ್ ಒಂದೇ ಕೆಟ್ಟ ಸೆಕ್ಟರನ್ನು (ದತ್ತಾಂಶ ಬರೆದಿಡುವ ಸಣ್ಣ ತುಂಡು ಜಾಗವನ್ನು) ಮತ್ತೆ ಮತ್ತೆ ಓದಲು ಹೆಣಗುತ್ತಿರಬಹುದು, ಇಲ್ಲವೇ ಅದರ ಕೇಬಲ್ ಸಡಿಲವಾಗಿರಬಹುದು.

ಖಚಿತ ಮಾಡಿಕೊಳ್ಳಲು ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶ ಸಾಕು. ಇದು ಡಿಸ್ಕ್ ತನ್ನ ಬಗ್ಗೆ ತಾನೇ ಬರೆದಿಟ್ಟುಕೊಳ್ಳುವ ಸ್ಮಾರ್ಟ್ ದಾಖಲೆಯನ್ನು ತೋರಿಸುತ್ತದೆ. ಮೇಲಿನ ಗುಡ್, ಕಾಷನ್, ಬ್ಯಾಡ್ ಎಂಬ ಬಣ್ಣದ ಚೌಕವೊಂದನ್ನೇ ನೋಡಿ ನಿಲ್ಲಬೇಡಿ, ನಾಲ್ಕು ಸಾಲುಗಳನ್ನು ಓದಿ. 05 ಎಂಬ ಸಾಲು ಈಗಾಗಲೇ ಕೆಟ್ಟು ಬದಲಿ ಜಾಗ ಪಡೆದ ಸೆಕ್ಟರುಗಳ ಲೆಕ್ಕ. ಸಿ5 ಅಂದರೆ ಓದಲು ಆಗದೆ ತೀರ್ಮಾನಕ್ಕಾಗಿ ಕಾದಿರುವ ಸೆಕ್ಟರುಗಳು. ಸಿ6 ಸರಿಪಡಿಸಲಾಗದವು. ಸಿ7 ಕೇಬಲಿನಲ್ಲಿ ದತ್ತಾಂಶ ಹಾಳಾದ ಸಲಗಳು. ಅಂಕಿಗಳು ಮೊದಲಿಗೆ ಹದಿನಾರರ ಪದ್ಧತಿಯಲ್ಲಿರುತ್ತವೆ, ಅಲ್ಲಿ 10 ಕಂಡರೆ ಅದು ಹದಿನಾರು. ಫಂಕ್ಷನ್ ಮೆನುವಿನ ಅಡ್ವಾನ್ಸ್ಡ್ ಫೀಚರ್, ಅದರೊಳಗಿನ ರಾ ವ್ಯಾಲ್ಯೂಸ್‌ಗೆ ಹೋಗಿ ಹತ್ತರ ಪದ್ಧತಿಗೆ ಬದಲಿಸಿಕೊಳ್ಳಿ. ಸಿ5 ಅಥವಾ ಸಿ6 ಸೊನ್ನೆಯಲ್ಲದಿದ್ದರೆ ಆ ಡಿಸ್ಕನ್ನು ನಾನು ನಂಬುವುದಿಲ್ಲ. 05 ಚಿಕ್ಕ ಅಂಕಿಯಲ್ಲೇ ತಿಂಗಳುಗಟ್ಟಲೆ ನಿಂತಿದ್ದರೆ ಸ್ವಲ್ಪ ಕಾಲ ದೂಡಬಹುದು, ವಾರದಿಂದ ವಾರಕ್ಕೆ ಏರುತ್ತಿದ್ದರೆ ಆಗದು. ಸಿ7 ಮಾತ್ರ ಏರುತ್ತಿದ್ದರೆ ತಪ್ಪು ಡಿಸ್ಕಿನದಲ್ಲ, ಕನೆಕ್ಟರ್ ಬಿಚ್ಚಿ ಗಟ್ಟಿಯಾಗಿ ಕೂರಿಸಿ ನೋಡಿ. ಈ ಅಂಕಿ ಮತ್ತೆ ಇಳಿಯುವುದಿಲ್ಲ, ಏರುವುದು ನಿಂತಿತೇ ಎಂಬುದಷ್ಟೇ ಮುಖ್ಯ.

ಫಾರ್ಮ್ಯಾಟ್ ಮಾಡಿಸಿದ ಲ್ಯಾಪ್‌ಟಾಪ್ ಎರಡು ವಾರ ಚೆನ್ನಾಗಿ ಓಡಿ ಮತ್ತೆ ಕೆಡುವ ಗುಟ್ಟೂ ಇಲ್ಲೇ ಇದೆ. ಕ್ವಿಕ್ ಫಾರ್ಮ್ಯಾಟ್ ಡಿಸ್ಕಿನ ಮೇಲ್ಮೈಯನ್ನು ಮುಟ್ಟುವುದೇ ಇಲ್ಲ, ವಿಳಾಸದ ಪಟ್ಟಿಯನ್ನಷ್ಟೇ ಹೊಸದಾಗಿ ಬರೆಯುತ್ತದೆ. ಪೂರ್ಣ ಫಾರ್ಮ್ಯಾಟ್ ಎಲ್ಲ ಕಡೆ ಸೊನ್ನೆ ಬರೆಯುತ್ತದೆ. ಕಾದಿದ್ದ ಸೆಕ್ಟರಿನ ಮೇಲೆ ಹೊಸದಾಗಿ ಬರೆದಾಗ ಅದು ಸುಧಾರಿಸಿಕೊಳ್ಳಬಹುದು, ಇಲ್ಲವೇ ಬದಲಿ ಜಾಗಕ್ಕೆ ಹೋಗಬಹುದು. ಎರಡರಲ್ಲೂ ಸಿ5 ಇಳಿಯುತ್ತದೆ, ಚೌಕ ಹಸನಾಗಿ ಕಾಣಬಹುದು, ಹೊಸ ವಿಂಡೋಸ್ ಹಗುರವಾಗಿರುತ್ತದೆ. ಮೇಲ್ಮೈ ಸವೆಯುವುದು ಮಾತ್ರ ಹಾಗೇ ಮುಂದುವರಿಯುತ್ತದೆ.

ಡಿಸ್ಕ್ ಅನುಮಾನಾಸ್ಪದ ಎಂದಾದರೆ ಎರರ್ ಚೆಕಿಂಗ್, ಡಿಫ್ರಾಗ್, ಆಂಟಿವೈರಸ್‌ನ ಫುಲ್ ಸ್ಕ್ಯಾನ್ ಯಾವುದನ್ನೂ ಓಡಿಸಬೇಡಿ. ಇವೆಲ್ಲ ಡಿಸ್ಕನ್ನು ಗಂಟೆಗಟ್ಟಲೆ ದುಡಿಸುತ್ತವೆ, ಉಳಿದಿರುವ ಆಯಸ್ಸು ಫೈಲ್ ತೆಗೆಯಲು ಬೇಕು. ಮತ್ತೆ ಎಲ್ಲೂ ಸಿಗದ್ದನ್ನು ಮೊದಲು ಹೊರಗೆ ತೆಗೆದಿಡಿ: ನಿಮ್ಮ ತಂದೆಯವರ ಬರಹಗಳು, ಮನೆಯ ಫೋಟೋಗಳು, ಲೆಕ್ಕಪತ್ರ. ಸಿನಿಮಾ, ಹಾಡು, ತಂತ್ರಾಂಶದ ಸೆಟಪ್‌ಗಳು ಕೊನೆಗೆ. ಇಡೀ ಡ್ರೈವನ್ನು ಒಟ್ಟಿಗೆ ಎಳೆದು ಬಿಡಬೇಡಿ, ಒಂದೊಂದೇ ಫೋಲ್ಡರ್ ಮಾಡಿ. ಯಾವುದಾದರೂ ಫೈಲಿನಲ್ಲಿ ಕಾಪಿ ನಿಂತರೆ ಅದನ್ನು ಬಿಟ್ಟು ಮುಂದೆ ಹೋಗಿ. ವಿಂಡೋಸ್ ಒಳಗೇ ಬರಲು ಬಿಡದಿದ್ದರೆ ಪೆನ್‌ಡ್ರೈವಿನಿಂದ ಲಿನಕ್ಸ್ ಮಿಂಟ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಂ ಶುರು ಮಾಡಿ ಫೈಲುಗಳನ್ನು ಬೇರೆ ಡ್ರೈವಿಗೆ ಕಾಪಿ ಮಾಡಬಹುದು. ಡಿಸ್ಕಿನಿಂದ ಟಕ್ ಟಕ್ ಎಂದು ಲಯವಾಗಿ ಸದ್ದು ಬರುತ್ತಿದ್ದರೆ ಇದೊಂದನ್ನೂ ಮಾಡಬೇಡಿ. ಕೂಡಲೇ ಆಫ್ ಮಾಡಿ, ಫೈಲುಗಳು ಅಷ್ಟು ಮುಖ್ಯವಾಗಿದ್ದರೆ ಡೇಟಾ ರಿಕವರಿ ಮಾಡುವವರ ಕೈಗೆ ಕೊಡಿ.

ನುಡಿ ಫೈಲುಗಳ ಬಗ್ಗೆ ಬೇರೆಯಾಗಿಯೇ ಹೇಳಬೇಕು, ಏಕೆಂದರೆ ಕನ್ನಡಿಗರು ಮೋಸ ಹೋಗುವುದು ಇಲ್ಲೇ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ ಕಡತದಲ್ಲಿ ನಿಜಕ್ಕೂ ಇರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಕೇತಗಳು. ಫಾಂಟ್ ಅವುಗಳ ಮೇಲೆ ಕನ್ನಡದ ಆಕಾರ ಹೊದಿಸುತ್ತದೆ. ಫಾರ್ಮ್ಯಾಟ್ ಆದ ಮೇಲೆ ಫಾಂಟ್ ಇಲ್ಲದೆ ಅದೇ ಕಡತ ತೆರೆದರೆ ಅರ್ಥವಿಲ್ಲದ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ, ಫೈಲ್ ಕರಪ್ಟ್ ಆಗಿದೆ ಎಂದುಕೊಂಡು ಅಳಿಸಿದವರೂ ಇದ್ದಾರೆ. ಫೈಲಿಗೆ ಏನೂ ಆಗಿರುವುದಿಲ್ಲ, ಫಾಂಟ್ ಹಾಕಿದರೆ ಬರಹ ಮರಳುತ್ತದೆ. ಆದ್ದರಿಂದ ಸಿ ಡ್ರೈವಿನ ವಿಂಡೋಸ್ ಫೋಲ್ಡರಿನೊಳಗಿನ ಫಾಂಟ್ಸ್ ತೆರೆದು, Nudi, BRH (ಇವು ಬರಹದ ಫಾಂಟುಗಳು) ಎಂದು ಶುರುವಾಗುವುದನ್ನೆಲ್ಲ ಪೆನ್‌ಡ್ರೈವಿಗೆ ಕಾಪಿ ಮಾಡಿ ಬರಹಗಳ ಜತೆಗೇ ಇಡಿ. ಬಿಡುವಾದಾಗ ಕನ್ವರ್ಟರ್ ಬಳಸಿ ಯೂನಿಕೋಡಿಗೆ ಬದಲಿಸಿಡಿ, ಆದರೆ ಮೂಲ ಕಡತವನ್ನು ಉಳಿಸಿಕೊಳ್ಳಿ. ಒತ್ತಕ್ಷರ, ಅರ್ಕಾವತ್ತು ಇರುವ ಕಡೆ ಪರಿವರ್ತನೆಯಲ್ಲಿ ತಪ್ಪು ನುಸುಳುವುದುಂಟು.

ಡೆಸ್ಕ್‌ಟಾಪ್, ಡೌನ್‌ಲೋಡ್ಸ್ ಎರಡೂ ಸಿ ಡ್ರೈವಿನೊಳಗೇ ಇರುತ್ತವೆ, ಮರೆಯಬೇಡಿ. ಲೆಕ್ಕಪತ್ರದ ಟ್ಯಾಲಿ ತಂತ್ರಾಂಶ ಬಳಸುತ್ತಿದ್ದರೆ ಅದರ ಡೇಟಾ ಎಲ್ಲಿದೆ ಎಂದು ಟ್ಯಾಲಿಯ ಒಳಗೇ ನೋಡಿ ಆ ಫೋಲ್ಡರನ್ನೂ ತೆಗೆದಿಡಿ. ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡುಗಳನ್ನೂ ಮರೆಯಬೇಡಿ. ಡ್ರೈವ್ ಎನ್‌ಕ್ರಿಪ್ಟ್ ಆಗಿದ್ದರೆ 48 ಅಂಕಿಗಳ ಬಿಟ್‌ಲಾಕರ್ ರಿಕವರಿ ಕೀಯನ್ನು ಮೈಕ್ರೋಸಾಫ್ಟ್ ಖಾತೆಯಿಂದ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ.

ಡಿಸ್ಕ್ ಆರೋಗ್ಯವಾಗಿಯೇ ಇದೆ ಎಂದಾದರೆ ಹೊರೆ ಯಾರದು ಎಂದು ಹುಡುಕಿ. ಸ್ಟಾರ್ಟ್‌ನಲ್ಲಿ ರಿಸೋರ್ಸ್ ಮಾನಿಟರ್ ಎಂದು ಹುಡುಕಿ ತೆರೆದು, ಡಿಸ್ಕ್ ಟ್ಯಾಬಿನಲ್ಲಿ ಟೋಟಲ್ ಎಂಬ ಕಾಲಮಿನ ಮೇಲೆ ಕ್ಲಿಕ್ ಮಾಡಿದರೆ ಹೆಚ್ಚು ಓದಿ ಬರೆಯುತ್ತಿರುವವರು ಮೇಲಕ್ಕೆ ಬರುತ್ತಾರೆ. ವಿಂಡೋಸ್ ಅಪ್‌ಡೇಟ್‌ನ ಕೆಲಸವಾದರೆ ಚಾರ್ಜರ್ ಹಾಕಿ, ಸ್ಲೀಪ್ ಆಗದಂತೆ ಮಾಡಿ, ರಾತ್ರಿಯಿಡೀ ಬಿಡಿ. ಮಧ್ಯೆ ಮಧ್ಯೆ ಆಫ್ ಮಾಡಿದರೆ ಅದು ಮುಗಿಯುವುದೇ ಇಲ್ಲ. ಎರಡು ಆಂಟಿವೈರಸ್ ಇದ್ದರೆ ಒಂದನ್ನು ತೆಗೆಯಿರಿ, ಪ್ರತಿ ಫೈಲನ್ನೂ ಇಬ್ಬರೂ ತಡಕಾಡುತ್ತಾರೆ. ಸರ್ವೀಸಸ್‌ನಲ್ಲಿರುವ ಸಿಸ್‌ಮೇನ್ (ಹೆಚ್ಚು ಬಳಸುವ ಪ್ರೋಗ್ರಾಂಗಳನ್ನು ಮೊದಲೇ ರ‍್ಯಾಮಿಗೆ ತಂದಿಡುವ ಸೇವೆ) ಅನ್ನು ಒಂದು ದಿನ ನಿಲ್ಲಿಸಿ ನೋಡಬಹುದು, ವ್ಯತ್ಯಾಸ ಕಾಣದಿದ್ದರೆ ಮತ್ತೆ ಆನ್ ಮಾಡಿ. ಇನ್ನೊಂದು: ವಿಂಡೋಸ್ 10ರಲ್ಲಿ ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಶಟ್‌ಡೌನ್ ಮಾಡಿದಾಗ ಸಿಸ್ಟಂ ಪೂರ್ತಿ ಆರುವುದಿಲ್ಲ. ಟಾಸ್ಕ್ ಮ್ಯಾನೇಜರಿನ ಸಿಪಿಯು ಪುಟದಲ್ಲಿ ಅಪ್ ಟೈಮ್ ಹತ್ತು ಹದಿನೈದು ದಿನ ತೋರಿಸುತ್ತಿದ್ದರೆ ಒಮ್ಮೆ ರೀಸ್ಟಾರ್ಟ್ ಕೊಡಿ, ಅದು ನಿಜವಾದ ಹೊಸ ಆರಂಭ.

ನಿಮ್ಮ ವಿಷಯದಲ್ಲಿ ರ‍್ಯಾಮ್ ಕೂಡ ಅಪರಾಧಿಯೇ. ಮೆಮೊರಿ ಪುಟದಲ್ಲಿ ಕಮಿಟೆಡ್ ಎಂಬಲ್ಲಿ ಎರಡು ಅಂಕಿಗಳಿವೆ. ಮೊದಲನೆಯದು ನಿಮ್ಮ 4 ಜಿಬಿಯನ್ನು ಸದಾ ದಾಟಿಯೇ ಇದ್ದರೆ ವಿಂಡೋಸ್ ರ‍್ಯಾಮಿನಲ್ಲಿ ಹಿಡಿಸದ್ದನ್ನು ಡಿಸ್ಕಿನ ಪೇಜ್ ಫೈಲಿಗೆ ತಳ್ಳಿ, ಬೇಕಾದಾಗ ವಾಪಸು ಎಳೆದುಕೊಳ್ಳುತ್ತಿರುತ್ತದೆ. ಬ್ರೌಸರ್ ತೆರೆದಾಗಲೇ ಹ್ಯಾಂಗ್ ಆಗುವುದಕ್ಕೆ ಇದೇ ಕಾರಣ ಇರಬೇಕು. ಪೇಜ್ ಫೈಲ್ ಆಫ್ ಮಾಡಿ ಎಂಬ ವಿಡಿಯೋ ಸಲಹೆಗಳನ್ನು ಕೇಳಬೇಡಿ. ಆಗ ನಿಧಾನವಾಗುವ ಬದಲು ಪ್ರೋಗ್ರಾಂಗಳು ಸೀದಾ ಮುಚ್ಚಿಕೊಳ್ಳುತ್ತವೆ. ರಿಜಿಸ್ಟ್ರಿ ಕ್ಲೀನರುಗಳಿಂದಲೂ ಉಪಯೋಗವಿಲ್ಲ.

ನಿಜವಾದ ಪರಿಹಾರ ಚಿಪ್ಪಿನಲ್ಲಿ ದತ್ತಾಂಶ ಇಡುವ ಡ್ರೈವ್, ಅಂದರೆ ಎಸ್‌ಎಸ್‌ಡಿ. ತಿರುಗುವ ತಟ್ಟೆ, ಸರಿಯುವ ತೋಳು ಇಲ್ಲದ ಕಾರಣ ಹದಿನೇಳು ಮಿಲಿಸೆಕೆಂಡಿನ ಕೆಲಸ ಅಲ್ಲಿ ಸುಮಾರು 0.1 ಮಿಲಿಸೆಕೆಂಡಿಗೆ ಮುಗಿಯುತ್ತದೆ. ನಿಮ್ಮ ಹಾರ್ಡ್ ಡಿಸ್ಕಿನ ಜಾಗಕ್ಕೆ 2.5 ಇಂಚಿನ, 7 ಮಿಲಿಮೀಟರ್ ದಪ್ಪದ ಸಾಟಾ ಎಸ್‌ಎಸ್‌ಡಿ ಕೂರುತ್ತದೆ. ಎಂ.2 ಸ್ಲಾಟ್ (ಕಡ್ಡಿಯಂಥ ಎಸ್‌ಎಸ್‌ಡಿ ಕೂರುವ ಜಾಗ) ಇದ್ದರೆ ಅದು ಎರಡು ಬಗೆಯ ಸಂಪರ್ಕಗಳಲ್ಲಿ ಸಾಟಾ ಒಪ್ಪುತ್ತದೋ ಎನ್‌ವಿಎಂಇ ಒಪ್ಪುತ್ತದೋ ಎಂದು ಮಾಡೆಲಿನ ಕೈಪಿಡಿಯಲ್ಲಿ ನೋಡಿಯೇ ಕೊಳ್ಳಿ. ಗಾತ್ರ ಒಂದೇ ಇದ್ದರೂ ಒಂದರ ಬದಲು ಇನ್ನೊಂದು ನಡೆಯುವುದಿಲ್ಲ. ಬಳಸಿರುವ ಜಾಗ 150 ಜಿಬಿಯೊಳಗಿದ್ದರೆ 256 ಜಿಬಿ ಸಾಕು. ರ‍್ಯಾಮಿಗೆ ಅದೇ ಮೆಮೊರಿ ಪುಟದ ಸ್ಲಾಟ್ಸ್ ಯೂಸ್ಡ್ ನೋಡಿ. ಎರಡರಲ್ಲಿ ಒಂದು ಖಾಲಿ ಇದ್ದರೆ ಇನ್ನೊಂದು 4 ಜಿಬಿ ಸೇರಿಸಿ 8 ಮಾಡಿ. ಡಿಡಿಆರ್4 ಬೇಕೋ ಡಿಡಿಆರ್3ಎಲ್ ಬೇಕೋ ಎಂಬುದನ್ನು ಹಳೆಯ ಕಡ್ಡಿಯ ಚೀಟಿ ಓದಿ ತಿಳಿಯಿರಿ.

ಬಿಚ್ಚುವ ಮೊದಲು ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ, ಪೂರ್ತಿ ಶಟ್‌ಡೌನ್ ಮಾಡಿ, ಚಾರ್ಜರ್ ತೆಗೆಯಿರಿ. ಹಿಂಬದಿಯ ಮುಚ್ಚಳ ತೆಗೆದ ಕೂಡಲೇ ಬ್ಯಾಟರಿಯ ಕನೆಕ್ಟರ್ ಬಿಡಿಸಿ. ಸ್ಕ್ರೂಗಳ ಉದ್ದ ಒಂದೇ ಇರುವುದಿಲ್ಲ. ಒಂದು ಹಾಳೆಯ ಮೇಲೆ ಲ್ಯಾಪ್‌ಟಾಪಿನ ಆಕಾರ ಬರೆದು ಆಯಾ ಜಾಗದಲ್ಲೇ ಸ್ಕ್ರೂ ಇಡುತ್ತಾ ಹೋಗಿ, ಗಿಡ್ಡ ತೂತಿಗೆ ಉದ್ದದ್ದು ಹಾಕಿದರೆ ಮೇಲಿನ ಪ್ಲಾಸ್ಟಿಕ್ ಉಬ್ಬಿ ಒಡೆಯುತ್ತದೆ. ಹಳೆಯ ಡಿಸ್ಕಿನ ಲೋಹದ ಚೌಕಟ್ಟನ್ನು ಬಿಚ್ಚಿ ಎಸ್‌ಎಸ್‌ಡಿಗೆ ಹಾಕಬೇಕು. ಚಪ್ಪಟೆ ಕೇಬಲಿದ್ದರೆ ಅದರ ಪುಟ್ಟ ಚಿಲಕ ಎತ್ತದೆ ಎಳೆಯಬೇಡಿ.

ಹಳೆಯದನ್ನು ಕ್ಲೋನ್ ಮಾಡುವ (ಇಡೀ ಡಿಸ್ಕನ್ನು ಇದ್ದ ಹಾಗೇ ನಕಲಿಸುವ) ಬದಲು ವಿಂಡೋಸನ್ನು ಹೊಸದಾಗಿ ಇನ್‌ಸ್ಟಾಲ್ ಮಾಡಿ ಎನ್ನುತ್ತೇನೆ. ಕೆಟ್ಟ ಸೆಕ್ಟರಿದ್ದರೆ ಕ್ಲೋನ್ ಅರ್ಧಕ್ಕೆ ನಿಲ್ಲುತ್ತದೆ, 1 ಟಿಬಿಯಿಂದ ಚಿಕ್ಕ ಡ್ರೈವಿಗೆ ಕ್ಲೋನ್ ಮಾಡುವುದೂ ತಲೆನೋವು. ಮೈಕ್ರೋಸಾಫ್ಟಿನ ಮೀಡಿಯಾ ಕ್ರಿಯೇಷನ್ ಟೂಲಿಗೆ 8 ಜಿಬಿ ಪೆನ್‌ಡ್ರೈವ್ ಸಾಕು. ಲ್ಯಾಪ್‌ಟಾಪಿನ ಜತೆ ಬಂದ ಲೈಸೆನ್ಸ್ ಮದರ್‌ಬೋರ್ಡಿಗೆ ಅಂಟಿಕೊಂಡಿರುತ್ತದೆ. ಮೊದಲಿದ್ದ ಎಡಿಷನ್ನೇ ಹಾಕಿ ನೆಟ್ ಕೊಟ್ಟರೆ ತಾನೇ ಆ್ಯಕ್ಟಿವೇಟ್ ಆಗುತ್ತದೆ, ಕೀ ಕೊಳ್ಳಬೇಕಿಲ್ಲ. ಆದರೆ ವಿಂಡೋಸ್ 10ಕ್ಕೆ ಉಚಿತ ಭದ್ರತಾ ಅಪ್‌ಡೇಟ್ 14 ಅಕ್ಟೋಬರ್ 2025ಕ್ಕೆ ಮುಗಿದಿದೆ. ಮನೆ ಬಳಕೆದಾರರಿಗೆ ವಿಸ್ತರಿತ ಅಪ್‌ಡೇಟಿಗೆ ನೋಂದಾಯಿಸಿದರೆ 13 ಅಕ್ಟೋಬರ್ 2026ರವರೆಗೆ ಸಿಗುತ್ತದೆ. ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ ಏಳನೇ ತಲೆಮಾರಿನ ಐ3 ಇಲ್ಲ. ಬ್ರೌಸಿಂಗ್, ಯೂಟ್ಯೂಬ್, ಯೂನಿಕೋಡ್ ಕನ್ನಡ ಟೈಪಿಂಗ್ ಇಷ್ಟೇ ಕೆಲಸವಾದರೆ ಲಿನಕ್ಸ್ ಮಿಂಟ್ ಹಾಕಿಕೊಳ್ಳಬಹುದು. ಟ್ಯಾಲಿ ಬೇಕೇ ಬೇಕು ಎಂದರೆ ವಿಂಡೋಸ್‌ನಲ್ಲೇ ಇರಿ.

ಬಿಚ್ಚಿದ ಹಾರ್ಡ್ ಡಿಸ್ಕನ್ನು ಒಂದು ತಿಂಗಳು ಅಳಿಸದೆ ಹಾಗೇ ಇಡಿ. ಏನೋ ಮರೆತಿದ್ದೇವೆ ಎಂದು ಗೊತ್ತಾಗುವುದು ಸಾಮಾನ್ಯವಾಗಿ ಎರಡನೆಯ ವಾರದಲ್ಲಿ, ಆಗ ಯುಎಸ್‌ಬಿ ಕೇಸಿಗೆ ಹಾಕಿ ತೆಗೆದುಕೊಳ್ಳಬಹುದು. ಸಿ5, ಸಿ6 ಸೊನ್ನೆಯಿದ್ದರೆ ಆಮೇಲೆ ಅದನ್ನೇ ಬ್ಯಾಕಪ್ ಡ್ರೈವ್ ಮಾಡಿಕೊಳ್ಳಿ. ಇಲ್ಲದಿದ್ದರೆ ಬೇಡ. ಆ ಎರಡು ಸಾಲಿನ ಅಂಕಿ ಹಾಕಿ ಇಲ್ಲೇ ಕಮೆಂಟ್ ಮಾಡಿದರೆ ಯಾವ ದಾರಿ ಎಂದು ಹೇಳುತ್ತೇನೆ.