ಜನರೇಟರ್ ಮೀಟರಿನಲ್ಲಿ ಬರುವ 231, 51.8, 6.4 ಅಂದರೆ ಏನು? ಫ್ರಿಡ್ಜ್, ಪಂಪ್ ಎರಡೂ ಓಡಿಸಬಹುದಾ?

ನೀವು ಹೊಸದಾಗಿ 2.5 ಕೆವಿಎ ಪೆಟ್ರೋಲ್ ಜನರೇಟರ್ ತಂದಿದ್ದೀರಿ. ಮೀಟರಿನ ಬಟನ್ ಒತ್ತಿದ ಹಾಗೆಲ್ಲ 231, 51.8, 6.4 ಎಂದು ಒಂದೊಂದೇ ಅಂಕಿ ಬರುತ್ತದೆ. ಫ್ರಿಡ್ಜ್ ಶುರುವಾದರೆ ನಡುವಿನ ಅಂಕಿ ಇಳಿಯುತ್ತದೆ. ಜನರೇಟರ್ ಕೆಟ್ಟಿದೆಯಾ, 1 ಎಚ್‌ಪಿ ಪಂಪ್ ಹಾಕಬಹುದಾ ಎಂದು ಕೇಳಿದ್ದೀರಿ.

ಕೆಟ್ಟಿಲ್ಲ. ಲೋಡ್ ಬಿದ್ದಾಗ ಅದು ಇಳಿಯಲೇಬೇಕು. ನಮ್ಮ ಮನೆ ತೀರ್ಥಹಳ್ಳಿ ಕಡೆ. ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿತ್ತೆಂದರೆ ಎರಡು ಮೂರು ದಿನ ಕರೆಂಟಿಲ್ಲ. ಟಾರ್ಚ್ ಹಿಡಿದು ಇದೇ ಅಂಕಿಗಳನ್ನು ನೋಡುತ್ತಾ ಕೂತ ರಾತ್ರಿಗಳು ಬೇಕಾದಷ್ಟಿವೆ.

231 ಅಂದರೆ ವೋಲ್ಟ್. 51.8 ಹರ್ಟ್ಜ್, ಅಂದರೆ ಕರೆಂಟ್ ಸೆಕೆಂಡಿಗೆ ಎಷ್ಟು ಸಲ ಹಿಂದೆ ಮುಂದೆ ಆಡುತ್ತದೆ ಎಂಬ ಲೆಕ್ಕ. 6.4 ಇಲ್ಲಿವರೆಗೆ ಓಡಿದ ಗಂಟೆ. ಎಲ್ಲರ ಕಣ್ಣೂ ವೋಲ್ಟ್ ಮೇಲೇ ಇರುತ್ತದೆ. ನೀವು ಹರ್ಟ್ಜ್ ನೋಡಿ. ಇಂಥ ಜನರೇಟರಿನಲ್ಲಿ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗಿದರೆ 50 ಹರ್ಟ್ಜ್. ಹಾಗಾಗಿ ಎಂಜಿನ್ ಎಷ್ಟು ಏದುಸಿರು ಬಿಡುತ್ತಿದೆ ಎಂದು ಹೇಳುವುದು ಆ ಅಂಕಿಯೇ. ಲೋಡ್ ಇಲ್ಲದಾಗ ಅದನ್ನು 52ರ ಆಸುಪಾಸಿಗೆ ಇಟ್ಟಿರುತ್ತಾರೆ, ಲೋಡ್ ಬಿದ್ದಾಗ 50ರ ಹತ್ತಿರ ಬಂದು ನಿಲ್ಲಲಿ ಎಂದು. ವೋಲ್ಟನ್ನು ಎವಿಆರ್ ಎಂಬ ಪುಟ್ಟ ಸರ್ಕ್ಯೂಟ್ ಎತ್ತಿ ಹಿಡಿದಿರುತ್ತದೆ. ಎಂಜಿನ್ ಸುಸ್ತಾಗಿದ್ದರೂ ಅದು ಸುಮ್ನೆ 228, 230 ಎಂದೇ ತೋರಿಸಬಹುದು.

ನಮ್ಮ ಫ್ರಿಡ್ಜ್ ಹತ್ತಿಕೊಳ್ಳುವಾಗ ಎಂಜಿನ್ ಒಮ್ಮೆ ಗುರ್ರ್ ಅನ್ನುತ್ತದೆ. 51.9 ಇದ್ದದ್ದು 49ಕ್ಕೆ ಇಳಿದು, ಒಂದೆರಡು ಸೆಕೆಂಡಿನಲ್ಲಿ 51ರ ಮೇಲೆ ಬಂದುಬಿಡುತ್ತದೆ. ಹೀಗೆ ಇಳಿದು ಏರಿದರೆ ಚಿಂತೆ ಬೇಡ. 48ರ ಕೆಳಗೇ ಕೂತುಬಿಟ್ಟರೆ ಲೋಡ್ ಜಾಸ್ತಿಯಾಗಿದೆ, ತಕ್ಷಣ ಏನಾದರೂ ಒಂದನ್ನು ಆಫ್ ಮಾಡಿ. ಮೊದಲ ವರ್ಷ ನಾನು ಹಾಗೆ ಮಾಡಲಿಲ್ಲ. ಪಂಪ್ ಓಡುತ್ತಿದ್ದಾಗಲೇ ಫ್ರಿಡ್ಜ್ ಹತ್ತಿಕೊಳ್ಳಲು ಹೋಯಿತು, ಅಂಕಿ 45ಕ್ಕೆ ಬಂತು, ಕಂಪ್ರೆಸರ್ ತಿರುಗದೆ ಬರೀ ಗುಂಯ್ ಎನ್ನುತ್ತಾ ನಿಂತಿತು. ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆ. ಫ್ರಿಡ್ಜಿನ ರಿಲೇ, ಅಂದರೆ ಕಂಪ್ರೆಸರನ್ನು ಹೊರಡಿಸುವ ಪುಟ್ಟ ಸ್ವಿಚ್, ಹೋಗಿತ್ತು.

ಈಗ ಲೆಕ್ಕಕ್ಕೆ ಬರೋಣ. 2.5 ಕೆವಿಎ ಅಂದರೆ 2500 ವ್ಯಾಟ್ ಅಂದುಕೊಳ್ಳಬೇಡಿ. ಕೆವಿಎಯಲ್ಲಿ ಎಷ್ಟು ಪಾಲು ನಿಜವಾಗಿ ವ್ಯಾಟ್ ಆಗಿ ಸಿಗುತ್ತದೆ ಎಂದು ಹೇಳುವುದು ಪವರ್ ಫ್ಯಾಕ್ಟರ್. ಜನರೇಟರಿನ ಪ್ಲೇಟಿನಲ್ಲಿ ಅದು 0.8 ಎಂದಿದ್ದರೆ ಸಿಗುವುದು 2000 ವ್ಯಾಟ್. ಮ್ಯಾಕ್ಸಿಮಮ್, ರೇಟೆಡ್ ಎಂದು ಎರಡು ಅಂಕಿ ಇದ್ದರೆ ರೇಟೆಡ್ ಅನ್ನೇ ನಂಬಿ, ಬಿಡದೆ ಓಡಿಸಬಹುದಾದದ್ದು ಅಷ್ಟೇ. ಅದರಲ್ಲೂ ನಾನು ಮುಕ್ಕಾಲು ಭಾಗದಷ್ಟೇ ಲೋಡ್ ಹಾಕುತ್ತೇನೆ.

ಯಾವುದು ಎಷ್ಟು ಎಳೆಯುತ್ತದೆ ಎಂದು ತಿಳಿಯಲು ಮನೆಯ ಕರೆಂಟ್ ಮೀಟರೇ ಸಾಕು. ಅದರಲ್ಲಿ ಕೆಂಪು ದೀಪ ಮಿಣುಕುತ್ತದೆ ಅಲ್ವಾ? ಒಂದು ಯೂನಿಟ್ಟಿಗೆ ಎಷ್ಟು ಮಿಣುಕು ಎಂದು ಪಕ್ಕದಲ್ಲೇ ಬರೆದಿರುತ್ತದೆ. ನಮ್ಮದರಲ್ಲಿ 3200. ಕರೆಂಟ್ ಇರುವ ದಿನ ಎಲ್ಲ ಆಫ್ ಮಾಡಿ, ಫ್ರಿಡ್ಜ್ ಒಂದನ್ನೇ ಬಿಟ್ಟು ಎಣಿಸಿದೆ. ನಿಮಿಷಕ್ಕೆ 8. ಅಂದರೆ ಗಂಟೆಗೆ 480. ಅದನ್ನು 3200ರಿಂದ ಭಾಗಿಸಿದರೆ ಗಂಟೆಗೆ 0.15 ಯೂನಿಟ್. ಒಂದು ಕಿಲೋವ್ಯಾಟ್ ಒಂದು ಗಂಟೆ ಓಡಿದರೆ ಒಂದು ಯೂನಿಟ್, ಹಾಗಾಗಿ ಇದು 0.15 ಕಿಲೋವ್ಯಾಟ್, 150 ವ್ಯಾಟ್. ಆದರೆ ಇದು ಓಡುವಾಗಿನ ಲೆಕ್ಕ. ಮೋಟಾರ್ ಇರುವ ಯಾವುದೇ ಸಾಮಾನು ಹೊರಡುವ ಆ ಒಂದು ಕ್ಷಣ ಇದರ ಎಷ್ಟೋ ಪಟ್ಟು ಎಳೆಯುತ್ತದೆ.

ನಿಮ್ಮ 1 ಎಚ್‌ಪಿ ಪಂಪ್ ಓಡುವಾಗ ಸುಮಾರು 1100 ವ್ಯಾಟ್. ಹೊರಡುವಾಗ ಐದಾರು ಪಟ್ಟು ಕರೆಂಟ್ ಕೇಳುತ್ತದೆ. ಹಾಗಾಗಿ ಫ್ರಿಡ್ಜಿನ ಪ್ಲಗ್ ಕಿತ್ತು, ಪಂಪ್ ಒಂದನ್ನೇ ಹಾಕಿ ನೋಡಿ. ಎರಡು ಮೂರು ಸೆಕೆಂಡಿನಲ್ಲಿ ವೇಗ ಹಿಡಿಯದಿದ್ದರೆ ಆಫ್ ಮಾಡಿ, ಮತ್ತೆ ಮತ್ತೆ ಪ್ರಯತ್ನ ಬೇಡ. ಹಿಡಿದರೆ ಟ್ಯಾಂಕ್ ತುಂಬಿಸಿಕೊಂಡು, ಪಂಪ್ ನಿಲ್ಲಿಸಿ, ಆಮೇಲೆ ಫ್ರಿಡ್ಜ್ ಹಾಕಿ. ಫ್ಯಾನು, ಎಲ್‌ಇಡಿ ಬಲ್ಬು, ಟಿವಿ ಇವಕ್ಕೆ ಲೆಕ್ಕವೇ ಬೇಡ. ಗೀಸರ್, ಇಂಡಕ್ಷನ್ ಒಲೆ ಬೇಡವೇ ಬೇಡ, ಒಂದೊಂದೂ 2000 ವ್ಯಾಟ್ ಹತ್ತಿರ.

ಇನ್ನೊಂದು ಮಾತು, ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಎರಡೂ ಕಡೆ ಪಿನ್ ಇರುವ ವೈರ್ ಮಾಡಿ ಗೋಡೆಯ ಸಾಕೆಟ್ಟಿಗೆ ಜನರೇಟರ್ ಕರೆಂಟ್ ಕೊಡುವವರಿದ್ದಾರೆ. ದಯವಿಟ್ಟು ಬೇಡ. ಆ ಕರೆಂಟ್ ವಾಪಸ್ ಲೈನಿಗೆ ಹೋಗುತ್ತದೆ, ಟ್ರಾನ್ಸ್‌ಫಾರ್ಮರಿನಲ್ಲಿ ಸಾವಿರಾರು ವೋಲ್ಟ್ ಆಗುತ್ತದೆ. ಮಳೆಯಲ್ಲಿ ನೆನೆಯುತ್ತಾ ನಮಗಾಗಿ ಕಂಬ ಹತ್ತಿದ ಲೈನ್‌ಮ್ಯಾನ್ ಜೀವ ಹೋಗುತ್ತದೆ. ಎಲೆಕ್ಟ್ರಿಷಿಯನ್ ಕರೆಸಿ ಚೇಂಜ್‌ಓವರ್ ಸ್ವಿಚ್ ಹಾಕಿಸಿ, ಅದು ಮನೆಗೆ ಒಂದು ಸಲಕ್ಕೆ ಲೈನ್ ಅಥವಾ ಜನರೇಟರ್ ಒಂದನ್ನೇ ಜೋಡಿಸುತ್ತದೆ. ಮಳೆ ಬರುತ್ತಿದೆಯೆಂದು ಜನರೇಟರನ್ನು ಜಗಲಿಗೋ ಕೊಟ್ಟಿಗೆಗೋ ತರಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೇ ಇಲ್ಲ, ಮಲಗಿದವರು ಏಳುವುದಿಲ್ಲ. ಮನೆಯಿಂದ ದೂರ, ಬಯಲಿನಲ್ಲಿ, ಮೇಲೊಂದು ತಗಡಿನ ಮಾಡು ಇರಲಿ. ಬದಿಗಳೆಲ್ಲ ತೆರೆದಿರಲಿ.

ಆ 6.4 ಇದೆಯಲ್ಲ, ಅದು 20 ಆದಾಗ ಮೊದಲ ಸಲ ಆಯಿಲ್ ಬದಲಿಸಿ. ಆಮೇಲೆ ಸಾಮಾನ್ಯವಾಗಿ 100 ಗಂಟೆಗೊಮ್ಮೆ, ನಿಮ್ಮ ಪುಸ್ತಕದಲ್ಲಿ ಬೇರೆ ಇದ್ದರೆ ಅದರಂತೆ. ಮೊದಲ ಸಲದ ಆಯಿಲನ್ನು ಬಿಳಿ ಬಟ್ಟಲಿಗೆ ಇಳಿಸಿ ನೋಡಿ, ಬೆಳ್ಳಿಯಂಥ ಸಣ್ಣ ಮಿಂಚು ಕಾಣುತ್ತದೆ. ಹೆದರಬೇಡಿ, ಹೊಸ ಎಂಜಿನ್ ಸವೆದು ಹೊಂದಿಕೊಳ್ಳುವಾಗ ಬಂದ ಲೋಹದ ಪುಡಿ ಅದು.